ಮಾವನ ಊರಿನ ವಿಳಾಸ

ಲಾಕ್‌ಡೌನ್ ಮುಗಿದ ವರ್ಷ, ಚಿಕ್ಕೋಡಿಯಲ್ಲಿ ಐಟಿಐ ಕಲಿತ ನಮಗೆ ಇದ್ದ ಕೆಲಸವೆಂದರೆ ಕಬ್ಬಿನ ಸೀಸನ್ನಿಗೆ ಕಾಯುವುದು. ನಿಪ್ಪಾಣಿಯಲ್ಲಿ ಬಸ್ಸು ಹತ್ತಿದರೆ ಸ್ವಲ್ಪ ದೂರ, ಗಡಿಯಾಚೆ ಮರಾಠಿ ಸೀಮೆಯಲ್ಲಿ ಮಾತ್ರ ಕಾರ್ಖಾನೆಗಳು ಮತ್ತೆ ಶುರುವಾಗಿದ್ದವು. ಅಲ್ಲೊಂದು ಕಡೆ ಕಬ್ಬಿಣ ಕಡೆಯುವ ಲೇತ್ ಮಷಿನ್ನಿನ ಕೆಲಸಕ್ಕೆ ಹುಡುಗರು ಬೇಕಂತೆ ಎಂದು ಗೊತ್ತಾದ ದಿನ ನನಗೂ ನನ್ನ ಗೆಳೆಯನಿಗೂ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಲೇತಿನ ಮುಂದೆ ಅವನು ನನಗಿಂತ ಒಂದು ಕೈ ಮೇಲು; ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಗೇಟಿಗೆ ಹೋದಾಗ ತಿಳಿಯಿತು, ಸದ್ಯಕ್ಕೆ ಆ ಕಡೆಯವರಿಗೆ ಮಾತ್ರ ಕೆಲಸ. ನಮ್ಮಲ್ಲಿ ಹೆಣ್ಣು ಕೊಟ್ಟು ತರುವುದಕ್ಕೆ ಗಡಿ ಯಾವತ್ತೂ ಅಡ್ಡ ಬಂದಿಲ್ಲ. ನಮ್ಮವ್ವನ ತವರು ಅಲ್ಲಿಯದೇ. ಫಾರ್ಮಿನಲ್ಲಿ 'ಪತ್ತಾ' ಎಂದಿದ್ದ ಕಡೆ ನನ್ನ ವಿಳಾಸವೆಂದು ಸೋದರಮಾವನ ಊರು ಬರೆದು ಒಳಗೆ ನುಗ್ಗಿದೆ. ಗೆಳೆಯನ ಬಳಗವೆಲ್ಲ ಗಡಿಯ ಈಚೆಗೇ, ರಾಯಬಾಗ, ಅಥಣಿ. ಸುಳ್ಳು ಬರೆಯಲಿಕ್ಕೂ ಅವನಿಗೆ ಆಚೆ ಒಂದು ಮನೆ ಇರಲಿಲ್ಲ. ಹೊರಗೇ ಉಳಿದ.

ಪರೀಕ್ಷೆಗೆಂದು ಕೊಟ್ಟ ಕಬ್ಬಿಣದ ತುಂಡನ್ನು ಹೇಳಿದ ಅಳತೆಗೆ ಇಳಿಸಿದೆ. ಸೂಪರ್‌ವೈಸರ್ ತಿರುಗಿಸಿ ನೋಡಿ ತಲೆಯಾಡಿಸಿದರು. ಮೈ ಜುಮ್ಮೆಂದಿತು. ಆಮೇಲೆ ಮರಾಠಿಯಲ್ಲಿ, ನಿಮ್ಮೂರ ಸಂತೆ ಯಾವತ್ತು ಎಂದು ಕೇಳಿದರು. ಆ ಖುಷಿಯಲ್ಲಿ ನನಗೆ ಮಾವನ ಊರೇ ಮರೆತುಹೋಗಿತ್ತು. ಚಿಕ್ಕಂದಿನಿಂದ ಚೀಲ ಹಿಡಿದು ಹೋದ ನನ್ನೂರಿನ ಸಂತೆ ನೆನಪಾಗಿ ಮಂಗಳವಾರ ಎಂದುಬಿಟ್ಟೆ. ಮಾವನ ಊರಿನದು ಶನಿವಾರ. ಕೆಟ್ಟೆ ಅಂದುಕೊಂಡೆ.

ಅವರು ಅತ್ತಿತ್ತ ನೋಡಿ, ದನಿ ತಗ್ಗಿಸಿ ಕನ್ನಡದಲ್ಲಿ ಹೇಳಿದರು: "ನಂದೂ ಮಾವನ ಊರ ಪತ್ತಾನ. ಹತ್ತ ವರ್ಷ ಆತು. ಮೊದಲ ಆ ಊರ ಸಂತಿ ದಿನ ಬಾಯಿಪಾಠ ಮಾಡ. ನಾಡದ್ದ ಕೆಲಸಕ್ಕ ಬಾ."

ಹೊರಗೆ ಓಡಿ ಬಂದೆ. ಗೆಳೆಯ ನನ್ನನ್ನು ಎತ್ತಿ ಒಂದು ಸುತ್ತು ತಿರುಗಿಸಿ, ತಾನೇ ಚಹಾ ಕುಡಿಸಿದ. ಬಸ್ಸಿನ ತುಂಬ ನಾನೇ ನಾನು ಮಾತಾಡಿದೆ. ಆ ಮಷಿನ್ನು, ಆ ಬೆಳಕು, ಕ್ಯಾಂಟೀನಿನ ವಾಸನೆ, ಏನನ್ನೂ ಬಿಡಲಿಲ್ಲ. ಎಲ್ಲ ಕೇಳಿ ಅವನೆಂದ:

"ನಿಮ್ಮ ಮಾವನ ಊರಾಗ ನನಗೊಂದ ಹೆಣ್ಣ ಐತೇನ್ ಕೇಳಲೇ. ಅಲ್ಲಿ ಬೀಗತನ ಆದ್ರ ನನಗೂ ಒಂದ ಪತ್ತಾ ಆಗತೈತಿ."

ನಾನು ಬಿದ್ದು ಬಿದ್ದು ನಕ್ಕೆ. ಮರುದಿನ ಬೆಳಿಗ್ಗೆ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಮ್ಮ ಬಾಗಿಲಿಗೆ ಬಂದು, ಮಾವನ ಊರಿಗೆ ಬಸ್ಸು ಎಷ್ಟಕ್ಕೆ ಎಂದು ಅವ್ವನನ್ನು ಕೇಳುತ್ತಿದ್ದ.