ದೊರೆಗೆ ಹಿಡಿಸದ ಅಂಗಿ

ಅಣ್ಣನಿಗೆ ಚಿಕ್ಕದಾದ ಅಂಗಿಗಳೆಲ್ಲ ನನಗೆ ಬರುತ್ತಿದ್ದವು. ಯುದ್ಧದ ಕಾಲ, ಬಟ್ಟೆಗೂ ರೇಷನ್ನು. ಹೈಸ್ಕೂಲಿಗೆ ಬಂದರೂ ಹೊಸ ಅಂಗಿಯೊಂದು ನನ್ನ ಮೈ ಮುಟ್ಟಿರಲಿಲ್ಲ. ನನಗೆಂದೇ ಹೊಲಿದ ಒಂದೇ ಒಂದು ಅಂಗಿ ಬೇಕೆಂಬ ಆಸೆ ಹಗಲೂ ಇರುಳೂ ಕೊರೆಯುತ್ತಿತ್ತು.

ಆಗ ನಮ್ಮ ಚರಿತ್ರೆ ಮೇಷ್ಟ್ರು ಫ್ರಾನ್ಸಿನ ಅರಮನೆಯ ಬಗ್ಗೆ ನಾಟಕ ಬರೆದರು. ಕಾಲೇಜು ಸೇರಿದ್ದರೂ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೆಂದು ಅಣ್ಣನೇ ದೊರೆ. ನಾನು ದೊರೆಯ ತಮ್ಮ.

"ಆ ತಮ್ಮ ಒಂದು ಯುದ್ಧ ಗೆದ್ದ ಕಣಯ್ಯ, ಅದೇ ತಪ್ಪಾಯ್ತು," ಎಂದರು ಮೇಷ್ಟ್ರು. "ಆಮೇಲೆ ಅಣ್ಣ ಅವನ ಕೈಗೆ ಸೈನ್ಯ ಕೊಡ್ಲೇ ಇಲ್ಲ. ಬೆಳಗ್ಗೆ ಅಣ್ಣ ಎದ್ದಾಗ ಅಂಗಿ ಎತ್ಕೊಡೋದೇ ಅವನ ಮರ್ಯಾದೆ."

"ಅದೆಂಥ ಮರ್ಯಾದೆ ಸಾರ್?"

"ಬೇರೆಯವರಿಗೆ ಅದೂ ಸಿಕ್ತಿರ್ಲಿಲ್ಲ. ಸುಮ್ನೆ ಬಗ್ಗಿ ಕೊಡು."

ನನಗೆ ಮೈಯೆಲ್ಲ ಉರಿಯಿತು. ಮನೆಯಲ್ಲಿ ಅವನ ಹಳೆಯದು ನನಗೆ. ಇಲ್ಲಿ ಹೊಚ್ಚಹೊಸ ಅಂಗಿಯನ್ನು ಕೈಯಾರೆ ಅವನಿಗೇ ಕೊಡಬೇಕು. ಗಾಯದ ಮೇಲೆ ಬರೆ.

"ತಮ್ಮನ ಕೈಲಿರೋ ಅಂಗಿ ಒಂದು ಹೊಲ್ಕೊಡಪ್ಪ," ಎಂದು ಮೇಷ್ಟ್ರು ಚಾಮರಾಜಪೇಟೆಯ ನಮ್ಮ ದರ್ಜಿಗೆ ಹೇಳಿ ಬಂದಿದ್ದರು. ಅಂಗಿ ಬಂದದ್ದು ನಾಟಕದ ದಿನವೇ. ಅಲ್ಲಿಯವರೆಗೂ ಟವೆಲ್ ಹಿಡಿದು ಪ್ರಾಕ್ಟೀಸು.

ಪರದೆ ಎದ್ದಿತು. ಫ್ರಾನ್ಸಿನ ದೊರೆ ಬರಿಮೈಯಲ್ಲಿ ಎದ್ದು ನಿಂತ. ಎದೆಯ ಮೇಲೆ ಜನಿವಾರ! ಅದನ್ನು ಮುಚ್ಚಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಮುಂದಿನ ಸಾಲಿನ ಹಿರಿಯರೊಬ್ಬರು, "ಪರವಾಗಿಲ್ಲ, ಮುಂಜಿ ಆಗಿರೋ ದೊರೆ," ಎಂದರು.

ನಾನು ಬಗ್ಗಿ ಅಂಗಿ ಕೊಟ್ಟೆ. ದೊರೆ ತಲೆ ತೂರಿಸಿದ. ತಲೆ ಹೊರಗೆ ಬರಲಿಲ್ಲ. 'ತಮ್ಮನ' ಎಂಬ ಮಾತನ್ನಷ್ಟೇ ಕಿವಿಗೆ ಹಾಕಿಕೊಂಡ ದರ್ಜಿ, ಅಣ್ಣನ ಹಳೆಯದನ್ನು ಚಿಕ್ಕದು ಮಾಡಿ ಮಾಡಿ ತನಗೆ ಬಾಯಿಪಾಠವಾಗಿದ್ದ ನನ್ನ ಅಳತೆಗೇ ಹೊಲಿದುಬಿಟ್ಟಿದ್ದ. ರಾಜಾಧಿರಾಜ ಎರಡೂ ಕೈ ಮೇಲೆತ್ತಿ ಗಿರಗಿರ ತಿರುಗಿದ. ಒಳಗಿನಿಂದ, "ಎಳಿಯೋ, ಉಸಿರು ಕಟ್ತಿದೆ!" ಎಂಬ ಅಪ್ಪಟ ಬೆಂಗಳೂರು ದನಿ. ಎಳೆದೆ. ಸಭೆ ಬಿದ್ದು ಬಿದ್ದು ನಗುತ್ತಿತ್ತು.

ಅಣ್ಣ ಜಾಣ. ಕೆದರಿದ ತಲೆಯಲ್ಲೇ ಗತ್ತಿನಿಂದ, "ಪ್ರಿಯ ಸೋದರನೇ, ಈ ಅಂಗಿ ನಿನಗೇ ಸಲ್ಲಲಿ," ಎಂದು ಅದನ್ನು ನನಗೇ ತೊಡಿಸಿದ. ಹೇಳಿ ಮಾಡಿಸಿದಂತೆ ಕೂತಿತು. ಚಪ್ಪಾಳೆಯೋ ಚಪ್ಪಾಳೆ. ಆ ಸಂತೋಷದಲ್ಲಿ ನನ್ನ ಮಾತೆಲ್ಲ ಮರೆತುಹೋಯಿತು.

ಪರದೆ ಬಿದ್ದ ಮೇಲೆ ಅಣ್ಣ ಅಂಗಿಯ ತೋಳನ್ನು ಬೆರಳಲ್ಲಿ ಸವರಿ ನೋಡಿದ.

"ಹೊಸ ಬಟ್ಟೆ ಹೀಗೆ ಗರಿಗರಿಯಾಗಿರುತ್ತೇನೋ?"

"ನಿಂಗ್ ಗೊತ್ತಿಲ್ವಾ?"

"ನಂದೆಲ್ಲ ಅಪ್ಪನ ಹಳೇ ಅಂಗಿ ಕತ್ತರಿಸಿ ಹೊಲಿದದ್ದು ಕಣೋ."

ನಾನು ಅಂಗಿ ತೆಗೆಯಲು ಹೋದೆ. ಅವನು ಕೈ ಹಿಡಿದ.

"ಬಿಚ್ಬೇಡ ಕಣೋ ಪೆದ್ದ. ನಂಗೆ ತಲೆಯೇ ತೂರಲ್ಲ."