ಖಾಜಾನ ಮುತ್ತಜ್ಜನ ಕಾಗದ

ಮೊನ್ನೆ ಗೋಡೆಯ ಗೂಡಿನಲ್ಲಿ ಹಾಸಿದ್ದ ಹಳೆಯ ಪತ್ರಿಕೆ ಎಳೆದಾಗ ಅದರಡಿಯ ಫರ್ಸಿ ಕಲ್ಲಿಗೆ ಅಂಟಿಕೊಂಡು ಒಂದು ಕಾಗದ ಉಳಿಯಿತು. ನಾಲ್ಕು ಮಡಿಕೆ, ಕಂದು ಅಂಚು, ಒಳಗೆಲ್ಲ ಉರ್ದು. ನನಗೆ ಉರ್ದುವಿನ ಒಂದಕ್ಷರವೂ ಬಾರದು. ಆದರೂ ಕಂಡೊಡನೆ ಮುಖ ಬಿಸಿಯಾಯಿತು. ಅದು ಶಹಾಬಾದಿನ ಖಾಜಾನದು.

ಪದವಿ ಓದುವಾಗ ಅವನೂ ನಾನೂ ಒಂದೇ ಬೆಂಚು. ನೂರು ವರ್ಷದ ಹಿಂದೆ ಕಾಲೇಜು ಹುಡುಗರು ಹೇಗಿದ್ದರು ಎಂಬುದರ ಮೇಲೆ ಮಾತಾಡಿ ಎಂದಿದ್ದರು ಇತಿಹಾಸದ ಮೇಷ್ಟ್ರು. ನಾನು ಗ್ರಂಥಾಲಯದಲ್ಲಿ ಕೂತು ಎಂಟು ಪುಟ ಬರೆದುಕೊಂಡು ಹೋದೆ. ಖಾಜಾ ಜೇಬಿನಿಂದ ಈ ಕಾಗದ ತೆಗೆದ. ಅವನ ಮುತ್ತಜ್ಜ ಹೈದರಾಬಾದಿನ ಕಾಲೇಜಿನಿಂದ ಮನೆಗೆ ಬರೆದದ್ದಂತೆ. ಮುಖದೆದುರು ಹಿಡಿದು ಕನ್ನಡದಲ್ಲಿ ಹೇಳುತ್ತ ಹೋದ: ಇಂಗ್ಲಿಷಿನಲ್ಲಿ ಅವರೇ ಮೊದಲಿಗರು, ಬಿಳಿಯ ದೊರೆ ಮೇಷ್ಟ್ರು ಬೆನ್ನು ತಟ್ಟಿದರು. ಕ್ಲಾಸಿಗೆ ಕ್ಲಾಸೇ ಚಪ್ಪಾಳೆ. ನನ್ನ ಎಂಟು ಪುಟ ಅಂಗೈ ಬೆವರಿಗೆ ಒದ್ದೆಯಾದವು.

ಅಂಕದಲ್ಲಿ ಮುಂದಿದ್ದವನನ್ನು ಓದಿ ಹಿಂದೆ ಹಾಕಬಹುದು. ಮುತ್ತಜ್ಜನನ್ನು ಎಲ್ಲಿಂದ ತರುವುದು, ನೀವೇ ಹೇಳಿ. ನಮ್ಮ ಚಿತ್ತಾಪುರದ ಮನೆಯಲ್ಲಿ ಆ ಕಾಲಕ್ಕೆ ಇದ್ದವರು ಹೊಲ, ಎತ್ತು, ಲಿಂಗಪೂಜೆ ಬಿಟ್ಟು ಬೇರೆ ಕಂಡವರಲ್ಲ.

ಒಂದು ದಿನದ ಮಟ್ಟಿಗೆಂದು ಕಾಗದ ಕೇಳಿ ತಂದೆ. ವಾರದ ಮೇಲೆ, ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸುವಾಗ ಕಳೆಯಿತು ಎಂದೆ. "ಹೋಗ್ಲಿ ಬಿಡೋ," ಎಂದ ಖಾಜಾ. ಆಮೇಲೆ ಬೆಂಚು ಬದಲಿಸಿದವನು ನಾನೇ.

ನನ್ನಜ್ಜ ನಿಜಾಮರ ಕಾಲದ ಉರ್ದು ಶಾಲೆಯವನು. ವಿಭೂತಿ ಧರಿಸಿ ಉರ್ದು ಪತ್ರಿಕೆ ಓದುತ್ತಿದ್ದ. ಆಗ ಕಾಗದ ಅವನ ಕೈಗೆ ಕೊಟ್ಟಿದ್ದರೆ ಎರಡು ನಿಮಿಷದಲ್ಲಿ ಓದುತ್ತಿದ್ದ. ಕೊಡಲಿಲ್ಲ. ಖಾಜಾನ ಮುತ್ತಜ್ಜನಿಗೆ ನನ್ನಜ್ಜನ ಬಾಯಿಂದ ಶಹಭಾಸ್ ಕೇಳಲು ನಾನು ಸಿದ್ಧನಿರಲಿಲ್ಲ.

ಮೊನ್ನೆ ಕಾಗದ ಸಿಕ್ಕಮೇಲೆ ಆ ವರ್ಷದ ದಿನಚರಿ ತೆರೆದೆ. "ಖಾಜಾನ ಕಾಗದ ಕಳೆಯಿತು. ತುಂಬ ಬೇಸರ." ದಿನಚರಿಗೂ ಸುಳ್ಳು ಬರೆದು, ಅದನ್ನೇ ನಂಬಿಕೊಂಡು ಇಷ್ಟು ವರ್ಷ ಕಳೆದಿದ್ದೆ.

ನಿನ್ನೆ ಶಹಾಬಾದಿಗೆ ಹೋದೆ. ಖಾಜಾ ಈಗ ಕಲ್ಲು ಪಾಲಿಶ್ ಮಾಡಿಸುತ್ತಾನೆ. ಹುಬ್ಬೆಲ್ಲ ಬಿಳಿ ಪುಡಿ.

"ಆ ಕಾಗದ ಕಳದಿರ್ಲಿಲ್ಲ. ನಾನೇ ಮುಚ್ಚಿಟ್ಟಿದ್ದೆ," ಎಂದೆ.

"ಗೊತ್ತಿತ್ತಲೇ. ವಾಡಿ ಅಂದಾಗ ನಿನ್ನ ಮಾರಿ ನೋಡಬೇಕಿತ್ತು!"

"ಮತ್ತ ಯಾಕ ಕೇಳ್ಲಿಲ್ಲ?"

"ಹೆಂಗ ಕೇಳ್ಲಿ? ಕೇಳಿದ್ರ ಸಿಟ್ಟಿಗೆದ್ದು ನೀ ಯಾರ ಕಡಿಂದರ ಓದಿಸಿದ್ರ ನನ್ನ ಮರ್ಯಾದಿ ಹೋಗ್ತಿತ್ತು. ನಾನೂ ನಿನ್ನಂಗ ಕನ್ನಡ ಸಾಲಿಯಾಂವ, ನನಗೆಲ್ಲಿ ಉರ್ದು ಓದ್ಲಿಕ್ಕ ಬರ್ತದ? ಮನ್ಯಾಗ ನಮ್ಮಜ್ಜಿ, ದಾದಿಮಾ, ಹೇಳಿದ್ದು ಜರಾ, ನಾ ಹಚ್ಚಿದ್ದು ಭಾಳ."

ಮನೆಗೆ ಕರೆದೊಯ್ದ. ಅವನ ಹೆಂಡತಿ ಉರ್ದು ಶಾಲೆಯಲ್ಲಿ ಓದಿದವರು. "ಕುಂದ್ರಿ ಅಣ್ಣಾ," ಎಂದು ಚಹಾ ಕೊಟ್ಟು, ಕನ್ನಡಕ ಹಾಕಿಕೊಂಡು ಕಾಗದವನ್ನು ಕನ್ನಡ ಮಾಡಿ ಓದಿದರು: "ಇಂಗ್ಲಿಷಿನಾಗ ಫೇಲಾಗೀನಿ. ನನ್ನ ಕೋಣ್ಯಾಗಿರಾಂವ ಪಾಸಾಗ್ಯಾನ. ಅವನಪ್ಪ ಗಡಿಯಾರ ಕಳಿಸ್ಯಾನ. ಅದು ಟಿಕ್ ಟಿಕ್ ಅಂದಾಗೆಲ್ಲ ನನ್ನ ಹೊಟ್ಟಿ ಉರೀತದ, ಅಮ್ಮಾ. ನಿನ್ನೆ ಅದನ್ನ ನನ್ನ ಪೆಟ್ಟಿಗ್ಯಾಗ ಮುಚ್ಚಿಟ್ಟೀನಿ. ಹೆಂಗ ವಾಪಸ್ ಕೊಡ್ಲಿ?"

ಮೊದಲು ನಕ್ಕವನು ಖಾಜಾ. ಕಾಗದ ಮಡಚಿ ನನ್ನ ಜೇಬಿಗೇ ತುರುಕಿದ. "ಒಯ್ಯೋ ಮಾರಾಯ. ಇಂವ ನನ್ನ ಮುತ್ತಜ್ಜ ಅಲ್ಲ, ನಿನ್ನಾಂವ!"

ಕಾಗದ ಮತ್ತೆ ಅದೇ ಗೂಡಿನಲ್ಲಿದೆ, ಈ ಸಲ ಪತ್ರಿಕೆಯ ಮೇಲೆ. ಆ ಹುಡುಗ ಗಡಿಯಾರ ವಾಪಸು ಕೊಟ್ಟನೋ ಇಲ್ಲವೋ, ಅದರಲ್ಲಿಲ್ಲ. ಇವತ್ತಿನ ದಿನಚರಿಯಲ್ಲಿ ನಿಜ ಬರೆಯಬೇಕೆಂದು ಕೂತೆ. ಬರೆದೆ: ಖಾಜಾ ಅಷ್ಟು ಸಲೀಸಾಗಿ ನಕ್ಕುಬಿಟ್ಟ. ಹೊಟ್ಟೆ ಉರಿಯಿತು.