ನೀಲವ್ವ ನೀರು ಕುಡಿಯುವುದಿಲ್ಲ

ಕಳೆದ ತಿಂಗಳು ನಮ್ಮ ಕಾಲೇಜಿನಲ್ಲಿ, ನೀರು ಕುಡಿಯದ ಹೆಂಗಸೊಬ್ಬಳಿಗೆ ನೀರಿನ ಬಾಟ್ಲಿ ಕೊಟ್ಟು ಸನ್ಮಾನ ಮಾಡಿದರು. ಸ್ಟೀಲಿನದು, ಮೇಲೆ ಕಾಲೇಜಿನ ಲೋಗೊ ಬೇರೆ. ಹಾಲ್ ತುಂಬ ಚಪ್ಪಾಳೆ. ಮೂರನೇ ಸಾಲಿನಲ್ಲಿದ್ದ ನಾನೊಬ್ಬಳು ಮಾತ್ರ ನೆಲ ನೋಡುತ್ತ ಕೂತಿದ್ದೆ. ಆ ಬಾಟ್ಲಿಗೆ ಕಾರಣ ನಾನೇ.

ಮೊದಲಿಂದ ಹೇಳುತ್ತೇನೆ.

ಬೊರಿವಲಿಯಿಂದ ಮಲಾಡ್‌ಗೆ ದಿನಾ ಲೋಕಲ್ ರೈಲಿನಲ್ಲಿ ಜೋತು ಬಿದ್ದು ಹೋಗಿ ನಾನು ಪತ್ರಿಕೋದ್ಯಮ ಓದುತ್ತೇನೆ. ಈ ವರ್ಷ ಕಾಲೇಜಿನ ಆನ್‌ಲೈನ್ ಮ್ಯಾಗಜಿನ್‌ಗೆ ಸಂಪಾದಕಿಯೂ ಆಗಿದ್ದೇನೆ. ಹೊಟ್ಟೆಕಿಚ್ಚು ಪಡಬೇಡಿ. ನಮ್ಮ ತಂಡದಲ್ಲಿ ಹದಿನಾಲ್ಕು ಜನ, ಹದಿನಾಲ್ಕೂ ಜನ ಎಡಿಟರ್‌ಗಳೇ. ಫೋಟೋ ಎಡಿಟರ್, ಫೀಚರ್ ಎಡಿಟರ್, ಸೋಶಿಯಲ್ ಮೀಡಿಯಾ ಎಡಿಟರ್, ಜತೆಗೊಬ್ಬ ಎಡಿಟರ್ ಅಟ್ ಲಾರ್ಜ್ (ಅವನನ್ನು ಕಾಲೇಜು ಶುರುವಾದಾಗಿನಿಂದ ಯಾರೂ ನೋಡಿಲ್ಲ). ವರದಿ ಮಾಡುವವರು ಯಾರು ಅಂತೀರಾ? ಅದು ಜೂನಿಯರ್‌ಗಳ ಕೆಲಸ. ಜೂನಿಯರ್‌ಗಳೆಲ್ಲ ಡೆಪ್ಯುಟಿ ಎಡಿಟರ್ ಆಗಿಬಿಟ್ಟಿರುವುದರಿಂದ ಆ ಜಾಗ ಖಾಲಿ ಇದೆ.

ಬರಹಗಳನ್ನು ತಿದ್ದುವ ಪದ್ಧತಿಯೂ ಸರಳ. ಬರೆದದ್ದನ್ನು ಫೋನಿನ ಗ್ರೂಪಿಗೆ ಹಾಕಬೇಕು. ಹದಿಮೂರು ಹೆಬ್ಬೆರಳು ಬಂದರೆ ಪಾಸು. ಓದಿ ಒತ್ತಬೇಕೆಂಬ ನಿಯಮವೇನೂ ಇಲ್ಲ. ಕೊನೆಯ ಹೆಬ್ಬೆರಳು ಮಾತ್ರ ನಮ್ಮ ಮೇಲ್ವಿಚಾರಕ ಪ್ರಾಧ್ಯಾಪಕರದು. ಸರ್ ಒಳ್ಳೆಯವರು. ಅವರ ಪತ್ರಿಕಾಧರ್ಮ ಒಂದೇ ಶಬ್ದದ್ದು: ಪಾಸಿಟಿವ್.

ಆ ತಿಂಗಳ ವಿಷಯ 'ತೆರೆಮರೆಯ ಹೀರೋಗಳು'. ಘಾಟ್ಕೋಪರ್‌ನಿಂದ ಬರುವ ನಮ್ಮ ಫೀಚರ್ ಎಡಿಟರ್ ರಿದ್ಧಿ, ನೆಲ ಒರೆಸುವ ನೀಲವ್ವನ ಫೋಟೋ ತೆಗೆದಳು. ಕಿಟಕಿಯ ಬೆಳಕು, ಮಾಪ್ ಹಿಡಿದ ಕೈ, ಬಾಯ್ತುಂಬ ನಗು. ಫೋಟೋ ಆಯಿತು, ಮಾತು ಬೇಕಲ್ಲ? ನೀಲವ್ವ ವಿಜಯಪುರದ ಕಡೆಯವಳು. ಅವಳ ಹಿಂದಿ 'ಹಾಂ', 'ನಹೀ', 'ಹೋ ಗಯಾ'ದಲ್ಲಿ ಮುಗಿಯುತ್ತದೆ. ತಂಡದಲ್ಲಿ ಕನ್ನಡದವಳು ನಾನೊಬ್ಬಳೇ. ಹಾಗಾಗಿ ಸ್ವತಃ ಸಂಪಾದಕಿಯೇ ಮೆಟ್ಟಿಲ ಮೇಲೆ ಕೂತು ಸಂದರ್ಶನ ಮಾಡಬೇಕಾಯಿತು.

ನೀಲವ್ವ ಊರಿನ ಬಗ್ಗೆ ಹೇಳಿದಳು, ಕಟ್ಟಡ ಕೆಲಸದ ಗಂಡನ ಬಗ್ಗೆ ಹೇಳಿದಳು. ಅದೆಲ್ಲ ನಾನು ಕೇಳಿದ್ದಕ್ಕೆ. ತಾನಾಗಿ ಹೇಳಿದ್ದು ಒಂದೇ ಮಾತು.

"ಮುಂಜಾನಿ ಬಂದಾಕಿ ಸಂಜಿಮಟ ನೀರು ಕುಡಿಯಾಂಗಿಲ್ಲವಾ, ಕುಡದ್ರ ಹೋಗಾಕ ಜಾಗಾ ಇಲ್ಲ, ಕೀಲಿ ಜಡದಾರ. ಇದನ್ನ ಬರಿ."

ಅವಳು ಹೇಳಿದ ಜಾಗ ನನಗೂ ಗೊತ್ತಿತ್ತು. ಕೆಳಮಹಡಿಯಲ್ಲಿ ಕೆಲಸದ ಹೆಂಗಸರಿಗೆಂದೇ ಇದ್ದ ಟಾಯ್ಲೆಟ್. ಎರಡು ವರ್ಷದ ಹಿಂದೆ ತಪಾಸಣಾ ಸಮಿತಿ ಬರುತ್ತದೆಂದು ಅದಕ್ಕೆ ಹೊಸ ಟೈಲ್ಸ್, ಕನ್ನಡಿ, ಪ್ಲಾಸ್ಟಿಕ್ ಹೂವು ಎಲ್ಲ ಬಂದವು. ಸಮಿತಿ ಬಂತು, ನೋಡಿತು, ತಲೆದೂಗಿತು, ಹೋಯಿತು. ಮುಂದಿನ ಸಮಿತಿ ಬರುವ ತನಕ ಗಲೀಜಾಗಬಾರದೆಂದು ಬೀಗ ಬಿತ್ತು. ಮೇಲಿನ ಮಹಡಿಯವು ವಿದ್ಯಾರ್ಥಿಗಳಿಗೆ; ಕೆಲಸದವರು ಅಲ್ಲಿಗೆ ತೊಳೆಯಲಿಕ್ಕೆ ಮಾತ್ರ ಹೋಗಬಹುದು. ನೀಲವ್ವ ದಿನಾ ಬೆಳಿಗ್ಗೆ ಆಫೀಸಿನಿಂದ ಕೀಲಿ ತಂದು, ಯಾರೂ ಬಳಸದ ಆ ಟಾಯ್ಲೆಟನ್ನು ಒರೆಸಿ, ಬೀಗ ಹಾಕಿ, ಕೀಲಿ ವಾಪಸು ಕೊಡುತ್ತಾಳೆ. ಇಂಥ ವ್ಯವಸ್ಥೆಯನ್ನು ಬೇಕೆಂದು ಕೂತು ಯೋಚಿಸಿದರೂ ಕಟ್ಟಲು ಸಾಧ್ಯವೇ?

ನಾನು ಅವಳ ಮಾತನ್ನು ಇಂಗ್ಲಿಷಿಗೆ ತಿರುಗಿಸಿ ಪೂರ್ತಿ ಬರೆದೆ. ಗ್ರೂಪಿಗೆ ಹಾಕಿದೆ. ಹನ್ನೆರಡು ಹೆಬ್ಬೆರಳು ಒಂದೇ ನಿಮಿಷದಲ್ಲಿ ಬಂದವು. ನಾನು ಲೋಕಲ್‌ನಲ್ಲಿದ್ದಾಗ ಸರ್ ಅವರ ವಾಯ್ಸ್ ನೋಟ್ ಬಂತು. ತುಂಬ ಚೆನ್ನಾಗಿದೆಯಂತೆ, ಕಣ್ಣಲ್ಲಿ ನೀರು ಬಂತಂತೆ. ಆದರೆ ಫೀಲ್-ಗುಡ್ ಬರಹದಲ್ಲಿ ಟಾಯ್ಲೆಟ್ ಸ್ವಲ್ಪ ಅವಾಯ್ಡ್ ಮಾಡಿದರೆ ಒಳ್ಳೆಯದಂತೆ.

ಅವರು ಬೆತ್ತ ಹಿಡಿದು ನಿಂತಿರಲಿಲ್ಲ. ಆಗುವುದಿಲ್ಲ ಸರ್ ಅಂದಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ. ಕಾಂದಿವಲಿ ದಾಟಿ ಬೊರಿವಲಿ ಬರುವಷ್ಟರಲ್ಲಿ ಆ ವಾಕ್ಯದ ಕೊನೆಯ ಅರ್ಧ ಕತ್ತರಿಸಿದೆ. ಮೊದಲ ಅರ್ಧ ಉಳಿಯಿತು. ಬರೀ 'ನೀರು ಕುಡಿಯುವುದಿಲ್ಲ' ಅಂತ ಬಿಟ್ಟರೆ ಬೋಳುಬೋಳಾಗಿ ಕಂಡಿತು. ಅದಕ್ಕೊಂದು ಒಗ್ಗರಣೆ ಹಾಕಿದೆ: 'ಕೆಲಸದ ಮೇಲೆ ಎಷ್ಟು ಶ್ರದ್ಧೆಯೆಂದರೆ, ನೀಲವ್ವ ಇಡೀ ದಿನ ಒಂದು ಗುಟುಕು ನೀರನ್ನೂ ಕುಡಿಯುವುದಿಲ್ಲ.'

ಓದುಗರೇ, ಅದು ಹಿಟ್ ಆಯಿತು. ನಮ್ಮ ಮ್ಯಾಗಜಿನ್ ಹುಟ್ಟಿದಾಗಿನಿಂದ ಯಾವ ಬರಹವನ್ನೂ ಅಷ್ಟು ಜನ ಓದಿರಲಿಲ್ಲ. ಹೃದಯ, ಚಪ್ಪಾಳೆ, ಕೈಮುಗಿದ ಚಿತ್ರಗಳ ಮಳೆ. ನನ್ನ ಅಮ್ಮ ಬಿಲ್ಡಿಂಗಿನ ಗ್ರೂಪಿಗೆ ಕಳಿಸಿ, ಮಗಳು ಬರೆದದ್ದು ಎಂದು ಎರಡು ಸಲ ಹೇಳಿಕೊಂಡರು. ಇಂಥ ಕಾಯಕಯೋಗಿಯನ್ನು ಸನ್ಮಾನಿಸಲೇಬೇಕೆಂದು ಪ್ರಿನ್ಸಿಪಾಲರೂ ತೀರ್ಮಾನಿಸಿದರು.

ಅವತ್ತು ನೀಲವ್ವ ಇಳಕಲ್ ಸೀರೆ ಉಟ್ಟು, ಬೈತಲೆ ತೆಗೆದು ಬಂದಿದ್ದಳು. ಹಾಲ್‌ನ ಬಾಗಿಲಲ್ಲಿ ನನ್ನ ಕೈ ಹಿಡಿದು ಮೆಲ್ಲಗೆ ಕೇಳಿದಳು, "ಕೀಲಿ ಇವತ್ತ ಕೊಡ್ತಾರೇನು?"

ಅವಳು ನಂಬಿದ್ದು ಅದನ್ನೇ. ತಾನು ಹೇಳಿದ್ದು ಪೇಪರಿನಲ್ಲಿ ಬಂದಿದೆ, ದೊಡ್ಡವರು ಓದಿದ್ದಾರೆ, ಅದಕ್ಕೇ ಕರೆದಿದ್ದಾರೆ ಎಂದು. ನಾನು ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ ಬಂದೆ.

ಶಾಲು ಹೊದಿಸಿದರು. ತೆಂಗಿನಕಾಯಿ ಕೊಟ್ಟರು. ಪ್ರಿನ್ಸಿಪಾಲರು ಇಂಗ್ಲಿಷಿನಲ್ಲಿ ಆರೋಗ್ಯದ ಬಗ್ಗೆ ಮಾತಾಡಿ, ಶ್ರದ್ಧೆ ಸರಿ, ಆದರೆ ದೇಹಕ್ಕೆ ನೀರೂ ಬೇಕು ಎಂದು ನಗುತ್ತ ಬಾಟ್ಲಿ ಕೈಗಿತ್ತರು. ನೀಲವ್ವ ಬಾಟ್ಲಿ ಅಲುಗಾಡಿಸಿ ನೋಡಿದಳು. ಒಳಗೆ ಕೀಲಿ ಇರಬಹುದೆಂದುಕೊಂಡಳೋ ಏನೋ. ಆಮೇಲೆ ಜನರ ನಡುವೆ ನನ್ನನ್ನು ಹುಡುಕಿದಳು. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ.

ಹೊರಗೆ ಬಂದು ಕೇಳಿದಳು, "ನಾ ಹೇಳಿದ್ದು ಬರೀಲಿಲ್ಲೇನವಾ?"

"ಅರ್ಧ ಬರೆದೆ."

"ಅರ್ಧಾ ಯಾಕ ಬಿಟ್ಟಿ?"

ಟೋನ್, ವರ್ಡ್ ಲಿಮಿಟ್, ಫೀಲ್-ಗುಡ್. ಮೂರು ವರ್ಷ ಫೀಸು ಕಟ್ಟಿ ಕಲಿತ ಉತ್ತರಗಳೆಲ್ಲ ನಾಲಗೆಯ ತುದಿಗೆ ಬಂದವು. ಅವಳ ಮುಖ ನೋಡಿಕೊಂಡು ಹೇಳುವಂಥದ್ದು ಅದರಲ್ಲಿ ಒಂದೂ ಇರಲಿಲ್ಲ.

ಮುದ್ರಣದ ಪತ್ರಿಕೆಯಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆನ್‌ಲೈನ್‌ನಲ್ಲಿ ಮಾಡಿದ ತಪ್ಪನ್ನು ಅದೇ ಲೋಕಲ್‌ನಲ್ಲಿ, ಅದೇ ಕಾಂದಿವಲಿ-ಬೊರಿವಲಿ ನಡುವೆ ತಿದ್ದಬಹುದು. ಒಗ್ಗರಣೆ ತೆಗೆದೆ. ನೀಲವ್ವನ ಮಾತನ್ನು ಇಡಿಯಾಗಿ ಹಾಕಿದೆ. ಅರ್ಧ ಕತ್ತರಿಸಿದ್ದು ಸಂಪಾದಕಿಯ ತಪ್ಪು ಎಂದು ಕೆಳಗೆ ನನ್ನ ಹೆಸರಿನಲ್ಲೇ ಬರೆದೆ. ಈ ಸಲ ಗ್ರೂಪಿಗೆ ಹಾಕಿ ಹೆಬ್ಬೆರಳಿಗೆ ಕಾಯಲಿಲ್ಲ.

ಮರುದಿನ ಸರ್ ಮೂರು ವಾಯ್ಸ್ ನೋಟ್ ಕಳಿಸಿದರು. ಮೂರರಲ್ಲೂ ಪಾಸಿಟಿವ್ ಎಂಬ ಶಬ್ದ ಇರಲಿಲ್ಲ. ತಿದ್ದಿದ್ದನ್ನು ಓದಿದವರು ಬೆರಳೆಣಿಕೆಯ ಮಂದಿ. ಹೃದಯವಿಲ್ಲ, ಚಪ್ಪಾಳೆಯಿಲ್ಲ. ಆದರೆ ಮುಂದಿನ ಸಮಿತಿಯವರು ಅಪ್ಪಿತಪ್ಪಿ ಓದಿಬಿಟ್ಟರೆ? ಆ ಭಯಕ್ಕೆ ವಾರದೊಳಗೆ ಕೀಲಿ ಹೊರಬಂತು. ಕಾಲೇಜು ಅಂದಮೇಲೆ ಬರೀ ಕೀಲಿ ಬರುತ್ತದೆಯೇ? ಜತೆಗೊಂದು ರಿಜಿಸ್ಟರೂ ಬಂತು. ಹೆಸರು, ಹೋದ ಸಮಯ, ಬಂದ ಸಮಯ, ಉದ್ದೇಶ. (ಹೌದು, ಉದ್ದೇಶ.)

ನಿನ್ನೆ ನೀಲವ್ವ ರಿಜಿಸ್ಟರ್ ಹಿಡಿದು ನನ್ನ ಕ್ಲಾಸಿನ ತನಕ ಬಂದಳು. ಅವಳಿಗೆ ಓದು ಬರಹ ಬರುವುದಿಲ್ಲ. ಇನ್ನೊಂದು ಕೈಯಲ್ಲಿ ಆ ಸ್ಟೀಲ್ ಬಾಟ್ಲಿ ಇತ್ತು, ಮುಚ್ಚಳ ತೆಗೆದದ್ದು. ಹೆಸರು ಬರೆದೆ, ಸಮಯ ಬರೆದೆ. ಕೊನೆಯ ಕಾಲಮ್ಮಿಗೆ ಏನು ಬರೆಯಲಿ ಎಂದು ಕೇಳಿದೆ.

"ನೀರು ಕುಡದೀನಿ ಅಂತ ಬರಿ," ಅಂದಳು.

ಹಾಗೇ ಬರೆದೆ, ಒಂದಕ್ಷರವನ್ನೂ ಕತ್ತರಿಸದೆ.